ಸಭೆ ಮುಗಿದ ಮೇಲೆ ಏನು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಮಿತಿಯವರು ಫೋನ್ ಮಾಡಿ, "ಬೆಂಗಳೂರಿನ ಸಾಫ್ಟ್‌ವೇರ್ ಜೀವನದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳು" ಅಂದರು. ಅದರಲ್ಲಿ ಹೇಳುವಂಥದ್ದು ಬಹಳ ಇಲ್ಲ. ಒಂದು ಕುರ್ಚಿ, ಒಂದು ಕಂಪ್ಯೂಟರು, ಎರಡು ತಾಸು ಟ್ರಾಫಿಕ್ಕು. ಅದರ ಬದಲು, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಊರವರ ಜೊತೆ ಸೇರಿ ಎರಡು ತಿಂಗಳಿಗೊಮ್ಮೆ ರವಿವಾರ ನಡೆಸುತ್ತಿರುವ ಬಹಿರಂಗ ಸಭೆಗಳ ಬಗ್ಗೆ ಹೇಳುತ್ತೇನೆ.

ಇದು ನನ್ನ ಮಟ್ಟಿಗೆ ಶುರುವಾದದ್ದು ಅಕ್ಕನಿಂದ. ಅವಳೂ ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು. ಲೆಕ್ಕದಲ್ಲಿ ನನಗಿಂತ ಜಾಣೆ. ಇಲ್ಲಿ ಕೂತಿರುವ ಮೇಷ್ಟ್ರಿಗೆ ಇದು ಗೊತ್ತು. ಪಿಯುಸಿಗೆ ಯಲಬುರ್ಗಾಕ್ಕೆ ಹೋಗಬೇಕಿತ್ತು. ಕಾಲೇಜಿನ ಹೊತ್ತಿಗೆ ಬಸ್ಸಿಲ್ಲ, ಸಂಜೆ ಬರುವ ಬಸ್ಸು ಕತ್ತಲಾದ ಮೇಲೆ. ಅಪ್ಪ "ಬ್ಯಾಡ ಬಿಡವ್ವ" ಅಂದರು. ಎರಡು ವರ್ಷದ ಮೇಲೆ ನಾನು ಪಾಸಾದಾಗ ನನಗೆ ಕೊಪ್ಪಳದಲ್ಲಿ ರೂಮು ಸಿಕ್ಕಿತು, ಆಮೇಲೆ ಬಿ.ಇ. ಸೀಟೂ ಸಿಕ್ಕಿತು. ಆ ಬಸ್ಸಿನ ವಿಷಯ ಊರಿಗೆಲ್ಲ ಗೊತ್ತಿತ್ತು. ಕಟ್ಟೆಯ ಮೇಲೆ ದಿನಾ ಅದೇ ಮಾತು. ಆದರೆ ಯಾವ ಸಭೆಯಲ್ಲೂ ಅದನ್ನು ಯಾರೂ ಒಂದು ಹಾಳೆಯ ಮೇಲೆ ಬರೆಯಲಿಲ್ಲ.

ನಮ್ಮ ಮೊದಲ ಸಭೆ ಕೆಟ್ಟಿತು ಅಂತಲೇ ಹೇಳಬೇಕು. ಗುಡಿಯ ಕಟ್ಟೆ ಮುಂದೆ ಶಾಮಿಯಾನ ಹಾಕಿಸಿದೆವು. ಹಾರ ತುರಾಯಿಗೇ ಮುಕ್ಕಾಲು ತಾಸು ಹೋಯಿತು. ಮೈಕು ಮುಂದಿನ ಸಾಲಿನ ನಾಲ್ಕೈದು ಗಂಡಸರ ಕೈಯಲ್ಲೇ ತಿರುಗಿತು. ಕೇರಿಯವರು ಶಾಮಿಯಾನದ ಆಚೆ ಬಿಸಿಲಿನಲ್ಲಿ ನಿಂತಿದ್ದರು. ಯಾರೂ ಅವರಿಗೆ ಒಳಗೆ ಬರಬೇಡಿ ಅನ್ನಲಿಲ್ಲ, ಬನ್ನಿ ಅಂತಲೂ ಅನ್ನಲಿಲ್ಲ. ಸಭೆ ಕರೆದವನು ನಾನೇ, ಹಾಗಾಗಿ ಈ ತಪ್ಪು ನನ್ನದೂ ಹೌದು. ಎರಡನೇ ಸಭೆಯನ್ನು ಈ ಶಾಲೆಗೆ ತಂದೆವು. ಇಲ್ಲಿಯ ಬೆಂಚಿನ ಮೇಲೆ ಊರಿನ ಎಲ್ಲ ಓಣಿಯ ಮಕ್ಕಳೂ ಒತ್ತಿಕೊಂಡು ಕೂತು ಕಲಿತಿದ್ದಾರೆ. ದೊಡ್ಡವರಾದ ಮೇಲೂ ಹಾಗೆ ಕೂರುವುದಕ್ಕೆ ಈ ಕೋಣೆಯಲ್ಲಿ ಅಷ್ಟು ಕಷ್ಟವಾಗಲಿಲ್ಲ. ಮೈಕನ್ನು ಹಿಂದಿನ ಬೆಂಚಿನಿಂದ ಕೊಡಲು ಶುರು ಮಾಡಿದೆವು.

ಅವತ್ತು ಹಿಂದಿನ ಬೆಂಚಿನಿಂದ ಒಬ್ಬ ಅಜ್ಜಿ ಎದ್ದು ಕೇಳಿದಳು: "ಹ್ವಾದ ಸಲ ಅಷ್ಟೊಂದು ಮಾತಾಡಿದ್ರಲ್ಲಪಾ, ಅದು ಏನಾತು?" ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ಏನೇನು ಮಾತಾಡಿದ್ದೆವು ಅನ್ನುವುದೇ ಪೂರ್ತಿ ನೆನಪಿರಲಿಲ್ಲ.

ನಾನು ಕೆಲಸ ಮಾಡುವ ಕಡೆ ಸಾಫ್ಟ್‌ವೇರಿನಲ್ಲಿ ಒಂದು ದೋಷ ಕಂಡರೆ ಅದಕ್ಕೊಂದು ನಂಬರು ಬೀಳುತ್ತದೆ. ಯಾರು ಹೇಳಿದರು, ಯಾವ ತಾರೀಖು, ಯಾರು ಸರಿಪಡಿಸಬೇಕು, ಎಲ್ಲ ಬರೆಯುತ್ತೇವೆ. ಸರಿಪಡಿಸಿದವನು "ಮುಗಿಯಿತು" ಅಂದರೆ ಅದು ಮುಗಿಯುವುದಿಲ್ಲ. ದೂರು ಹೇಳಿದವನು ನೋಡಿ "ಹೌದು" ಅನ್ನಬೇಕು. ಹತ್ತು ವರ್ಷದಿಂದ ಹೊಟ್ಟೆಪಾಡಿಗೆ ಮಾಡುತ್ತಿದ್ದ ಈ ಕೆಲಸ ಊರಿಗೂ ಬರುತ್ತದೆ ಅಂತ ನನಗೆ ಹೊಳೆದದ್ದು ಆ ಅಜ್ಜಿಯಿಂದ. ಇನ್ನೂರು ಪುಟದ ಒಂದು ನೋಟುಬುಕ್ಕು ತಂದೆವು. ಪ್ರಶ್ನೆಗೆ ನಂಬರು, ಕೇಳಿದವರ ಹೆಸರು, ಯಾವ ಕಚೇರಿಗೆ ಅರ್ಜಿ, ಸ್ವೀಕೃತಿ ಮೊಹರು ಬಿದ್ದ ತಾರೀಖು. ಪ್ರತಿ ಸಭೆಯೂ ಹಳೆಯ ಪುಟ ಓದುವುದರಿಂದಲೇ ಶುರು. ಬರೆಯುವವಳು ನನ್ನ ಅಕ್ಕ. ಅವಳ ಅಕ್ಷರ ಈಗಲೂ ನನ್ನದಕ್ಕಿಂತ ಚೆಂದ.

ಒಂದನೇ ನಂಬರು ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ಹೋಯಿತು, ಆದರೆ ಹೊತ್ತಿಗೆ ಬಾರದ ಬಸ್ಸು ಬಿಟ್ಟಿಯಾದರೂ ಅಷ್ಟೇ. "ಬಸ್ಸು ಬಿಡಿ" ಅಂತ ಬರೆಯುವುದನ್ನು ಬಿಟ್ಟು, ಯಾವ ಕಾಲೇಜಿಗೆ ಎಷ್ಟು ಹುಡುಗಿಯರು, ಎಷ್ಟು ಗಂಟೆಗೆ ತರಗತಿ ಅಂತ ಪಟ್ಟಿ ಮಾಡಿ ಕೊಟ್ಟೆವು. ಮೂರನೇ ಸಲ ಹೋದಾಗ ಬೆಳಗಿನ ಬಸ್ಸಿನ ವೇಳೆ ಬದಲಾಯಿತು. ಎಂಟು ತಿಂಗಳು ಚೆನ್ನಾಗಿ ನಡೆದು ಮತ್ತೆ ತಪ್ಪಿತು. "ಮುಗಿದಿದೆ" ಅಂತ ಬರೆದದ್ದನ್ನು ಅಕ್ಕ ಗೀಟು ಹಾಕಿ ಹೊಡೆದು, ಮತ್ತೆ ಅರ್ಜಿ ಬರೆದಳು. ಈಗ ಬರುತ್ತಿದೆ. ಇವತ್ತಿನ ಮಾತು ಹೇಳುತ್ತಿದ್ದೇನೆ, ನಾಳೆಯದು ಗೊತ್ತಿಲ್ಲ.

ಗ್ರಾಮಸಭೆ ಇಲ್ಲವೇ, ಇದ್ಯಾಕೆ ಬೇರೆ ಅಂತ ಕೆಲವರು ಕೇಳುತ್ತಾರೆ. ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಲೇಬೇಕು. ನಮ್ಮ ಸಭೆ ಅದಕ್ಕೆ ಪರ್ಯಾಯ ಅಲ್ಲ, ಅಲ್ಲಿಗೆ ತಯಾರಾಗಿ ಹೋಗುವುದಕ್ಕೆ. ನೋಟುಬುಕ್ಕು ಹಿಡಿದು ಹತ್ತು ಜನ ಹೋದರೆ ಗ್ರಾಮಸಭೆಯೂ ಗ್ರಾಮಸಭೆಯಂತೆ ನಡೆಯುತ್ತದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕೂ ತಾಲ್ಲೂಕು ರಾಯಚೂರಿನಿಂದ ಬೇರೆಯಾಗಿ ಒಂದು ಜಿಲ್ಲೆಯಾದದ್ದು 1997ರಲ್ಲಿ. ನಾವೀಗ ಒಬ್ಬರ ಸಭೆಗೆ ಒಬ್ಬರು ಹೋಗುವ ರೂಢಿ ಮಾಡಿದ್ದೇವೆ. ಗಂಗಾವತಿ ಕಡೆಯ ಗೆಳೆಯರು ಬಂದಾಗ ತುಂಗಭದ್ರೆಯ ಮಾತೇ ಮಾತು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ನೀರು ಹರಿದು ಹೋದಾಗ ಅವರ ಎದೆ ಹೇಗೆ ಹೊಡೆದುಕೊಂಡಿತ್ತು ಅಂತ ಹೇಳಿದರು. ನಮ್ಮ ಊರಿನ ಒಬ್ಬ ರೈತರು ಕೇಳಿಸಿಕೊಂಡು, "ನಿಮಗ ಎರಡನೇ ಬೆಳಿ ಚಿಂತಿ, ನಮಗ ಎರಡನೇ ಕೊಡದ ಚಿಂತಿ" ಅಂದರು. ಸಭೆ ನಕ್ಕಿತು, ಆದರೆ ಮಾತು ನಿಜ. 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವು ಎಂದ 39 ತಾಲ್ಲೂಕುಗಳಲ್ಲಿ ನಮ್ಮ ಯಲಬುರ್ಗಾ, ಕುಷ್ಟಗಿ ಎರಡೂ ಇವೆ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದವರು ಈ ಶಾಮಿಯಾನದಲ್ಲೇ ಎಷ್ಟು ಜನ ಇದ್ದೀರಿ!

ಕೊಪ್ಪಳದ ಕಡೆಯದು ಬೇರೆಯದೇ ಸಂಕಟ, ಕಾರ್ಖಾನೆಗಳ ಧೂಳು. ನಗರದ ಪಕ್ಕದಲ್ಲೇ ಬರಲಿದ್ದ ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿಯವರು ಜನರ ಜೊತೆ ನಿಂತು ಮಾತಾಡಿದರು. ಜನ ಬೀದಿಗೆ ಬಂದದ್ದು ಬೇಕೇ ಇತ್ತು. ಆದರೆ ಇಂಥ ಯೋಜನೆಗಳಿಗೆ ಅದಕ್ಕೂ ಎಷ್ಟೋ ಮೊದಲು ಬರುವ ಒಂದು ದಿನ ಇದೆ, ಸಾರ್ವಜನಿಕ ಅಹವಾಲು ಸಭೆಯ ದಿನ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಜನ ಹೇಳಿದ್ದನ್ನು ಬರೆದುಕೊಂಡು, ಕೊನೆಗೆ ಕನ್ನಡದಲ್ಲೇ ಓದಿ ಹೇಳಿ, ಆಮೇಲೆ ಸಹಿ ಆಗಬೇಕು. ಆದರೆ ಇಷ್ಟೇ ಜನ ಬರಬೇಕೆಂಬ ಕೋರಂ ಇಲ್ಲ! ನಾಲ್ಕೇ ಜನ ಬಂದರೂ ಸಭೆ ಆದಂತೆಯೇ. ಇದನ್ನು ನಾನು ಓದಿ ತಿಳಿದದ್ದು ಮೂವತ್ತು ದಾಟಿದ ಮೇಲೆ. ಎಂಟನೇ ತರಗತಿಯ ಮಕ್ಕಳಿಗೆ ಈಗಲೇ ಹೇಳುತ್ತಿದ್ದೇನೆ: ಓದಿ ಹೇಳುವ ತನಕ ಕುರ್ಚಿ ಬಿಟ್ಟು ಏಳಬೇಡಿ. ಹೇಳಿದ್ದು ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಿ ಅನ್ನಿ.

ಕಾಯುವುದಂತೂ ಇದ್ದೇ ಇದೆ. ಗಿಣಿಗೇರಾ–ಮಹಬೂಬನಗರ ರೈಲು ಮಾರ್ಗ ಮಂಜೂರಾದದ್ದು 1997–98ರಲ್ಲಿ. ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿಗೆ ರೈಲು ಮುಟ್ಟಿದ್ದು 2024ರಲ್ಲಿ. ನಡುವೆ ಎಷ್ಟು ಸರ್ಕಾರ, ಎಷ್ಟು ಅಧಿಕಾರಿಗಳು ಬದಲಾದರು! ಅಷ್ಟೂ ವರ್ಷ ಹಳೆಯ ಪತ್ರ ಜೋಪಾನ ಮಾಡಿ ಮತ್ತೆ ಮತ್ತೆ ಕೇಳಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ನಮ್ಮ ನೋಟುಬುಕ್ಕಿನಲ್ಲಿ ಇಲ್ಲಿಯವರೆಗೆ 31 ಪ್ರಶ್ನೆ ಬಿದ್ದಿವೆ, 9 ಮುಗಿದಿವೆ. ಮುಂದಿನ ಸಭೆ ಬರುವ ತಿಂಗಳ ಎರಡನೇ ರವಿವಾರ ಬೆಳಗ್ಗೆ ಹತ್ತಕ್ಕೆ, ಎಂಟನೇ ತರಗತಿಯ ಕೋಣೆಯಲ್ಲಿ. ಮೊದಲು ತೆಗೆದುಕೊಳ್ಳುವುದು 14ನೇ ನಂಬರು, ಶುದ್ಧ ನೀರಿನ ಘಟಕದ್ದು. ಬರುವವರು ನಿಮ್ಮ ಓಣಿಯ ನೀರನ್ನು ಒಂದು ಬಾಟಲಿಯಲ್ಲಿ ತನ್ನಿ, ಮೇಲೆ ಓಣಿಯ ಹೆಸರು ಬರೆದಿರಲಿ. ಕಿಟ್ ಇಟ್ಟುಕೊಂಡು ಮಕ್ಕಳ ಕೈಯಿಂದಲೇ ಫ್ಲೋರೈಡ್ ಪರೀಕ್ಷೆ ಮಾಡಿಸಲು ವಿಜ್ಞಾನದ ಮೇಷ್ಟ್ರು ಒಪ್ಪಿದ್ದಾರೆ. ಚಹಾದ ಖರ್ಚು ಈ ಸಲ 2004ರ ಬ್ಯಾಚಿನದು.