ಛಾವಣಿಯ ಬಿಸಿಲಿಗೆ ಬೆಲೆ ಎಷ್ಟು?



ವೃತ್ತಿಯಿಂದ ನಾನು ವೈದ್ಯ. ವಿದ್ಯುತ್ತಿನ ಬಗ್ಗೆ ಮಾತನಾಡಲು ಇವರಿಗೇನು ಅಧಿಕಾರ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಆದರೆ ಚಳಿಗಾಲದಲ್ಲಿ ಕೆಮ್ಮು, ಉಬ್ಬಸಗಳ ರೋಗಿಗಳನ್ನು ನೋಡುವವನಿಗೆ, ಈ ದೇಶದಲ್ಲಿ ಮನೆಯನ್ನು ಬೆಚ್ಚಗಿಡುವ ಖರ್ಚು ಕೂಡ ಆರೋಗ್ಯದ ವಿಷಯವೇ. ಇದಲ್ಲದೆ ನಮ್ಮವರಲ್ಲಿ ಹಲವರು ನಿವೃತ್ತಿಗೆಂದು ಕೂಡಿಟ್ಟ ಹಣವನ್ನು ಸೌರಫಲಕಗಳಿಗೆ ಹೂಡುವ ಯೋಚನೆಯಲ್ಲಿದ್ದಾರೆ. ಮಿಕ್ಕ ವಿದ್ಯುತ್ತನ್ನು ಮಾರಿದರೆ ಬಿಲ್ಲೇ ಬರುವುದಿಲ್ಲವೆಂಬ ಮಾತನ್ನು ನಂಬುವ ಮೊದಲು, ಆ ಮಾರಾಟದ ಲೆಕ್ಕವನ್ನು ಅರಿಯುವುದು ಒಳಿತು.

ಫೀಡ್-ಇನ್ ಟ್ಯಾರಿಫ್ ಎಂದರೆ ನಮ್ಮ ಛಾವಣಿಯಿಂದ ವಿದ್ಯುತ್ ಜಾಲಕ್ಕೆ ಹರಿಯುವ ಪ್ರತಿ ಯೂನಿಟ್ಟಿಗೆ ದೊರೆಯುವ ದರ. ಜರ್ಮನಿಯು 2000ನೆಯ ಇಸವಿಯ ಕಾನೂನಿನ ಮೂಲಕ ಈ ದರಕ್ಕೆ 20 ವರ್ಷಗಳ ಭರವಸೆ ನೀಡಿತು. ನಮ್ಮ ಕರ್ನಾಟಕದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೂ 2013ರಲ್ಲಿ, ಸಹಾಯಧನ ಪಡೆಯದ ಛಾವಣಿ ಘಟಕಗಳಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆಯನ್ನು ಗೊತ್ತುಪಡಿಸಿತು. ಫಲಕಗಳ ಬೆಲೆ ಇಳಿದಂತೆ ಮುಂದೆ ಸೇರಿದವರಿಗೆ ದರವೂ ಇಳಿಯಿತು. ಆದರೂ ಎರಡೂ ಕಡೆ ದರದ ಹಿಂದೆ ಸರ್ಕಾರಿ ಆದೇಶದ ಬಲವಿತ್ತು.

ನ್ಯೂಜಿಲೆಂಡಿನಲ್ಲಿ ಅಂಥ ಭರವಸೆಯಿಲ್ಲ. ಇಲ್ಲಿ ವಿದ್ಯುತ್ ಮಾರುವ ಕಂಪನಿಗಳೇ ತಮ್ಮ ಮರುಖರೀದಿ ದರವನ್ನು ನಿಶ್ಚಯಿಸುತ್ತವೆ. ಒಪ್ಪಂದದ ಷರತ್ತಿಗೆ ಒಳಪಟ್ಟು ಬದಲಿಸುತ್ತವೆ. 2014ರಲ್ಲಿ ದೊಡ್ಡ ಕಂಪನಿಯೊಂದು ಯೂನಿಟ್ಟಿಗೆ ಸುಮಾರು 17 ಸೆಂಟ್ ಇದ್ದ ದರವನ್ನು 8 ಸೆಂಟಿಗೆ ಇಳಿಸಿದ್ದುಂಟು. ಹೀಗಾಗಿ ಇಂದಿನ ದರವನ್ನೇ ಇಪ್ಪತ್ತು ವರ್ಷಗಳಿಗೆ ಗುಣಿಸಿ ತೋರಿಸುವ ಲೆಕ್ಕವನ್ನು ಎಚ್ಚರಿಕೆಯಿಂದ ನೋಡಬೇಕು.

ನಾವು ಕೊಳ್ಳುವ ಬೆಲೆಗೇ ಅವರು ಏಕೆ ಕೊಳ್ಳುವುದಿಲ್ಲ? ಹಿತ್ತಲಿನ ಸೊಪ್ಪಿನ ಉದಾಹರಣೆ ತೆಗೆದುಕೊಳ್ಳೋಣ. ಅದನ್ನು ಮನೆಯಲ್ಲೇ ಬೇಯಿಸಿದರೆ ಅಂಗಡಿಗೆ ಕೊಡಬೇಕಾದ ಪೂರ್ತಿ ಹಣ ಉಳಿಯುತ್ತದೆ. ಅಂಗಡಿಯವನಿಗೇ ಮಾರಿದರೆ ಸಗಟು ಬೆಲೆ ಮಾತ್ರ ಸಿಗುತ್ತದೆ. ನಾವು ಕೊಳ್ಳುವ ಯೂನಿಟ್ಟಿನ ಬೆಲೆಯಲ್ಲಿ ಉತ್ಪಾದನೆಯ ವೆಚ್ಚವಷ್ಟೇ ಅಲ್ಲದೆ ತಂತಿ, ಕಂಬ, ಮೀಟರು, ಶೇಕಡ 15ರ ಜಿಎಸ್‌ಟಿ ಎಲ್ಲವೂ ಅಡಗಿವೆ.

ಇನ್ನೊಂದು ಕಾರಣವೂ ಇದೆ. ಕರ್ನಾಟಕವು ಬಹುಕಾಲ ಶರಾವತಿಯನ್ನು ನಂಬಿದ್ದಂತೆ, ಈ ದೇಶದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಜಲಮೂಲದ್ದು. ಇಲ್ಲಿ ಬೇಡಿಕೆ ಏರುವುದು ಚಳಿಗಾಲದ ಮುಂಜಾನೆ ಮತ್ತು ಸಂಜೆಗಳಲ್ಲಿ. ನಮ್ಮ ಫಲಕಗಳು ಧಾರಾಳವಾಗಿ ಕೊಡುವುದು ಬೇಸಿಗೆಯ ನಡುಹಗಲಿನಲ್ಲಿ. 2024ರ ಆಗಸ್ಟಿನಲ್ಲಿ ಜಲಾಶಯಗಳು ತಗ್ಗಿ ಸಗಟು ಬೆಲೆ ವಿಪರೀತ ಏರಿತ್ತು. ಆದರೆ ಆ ತಿಂಗಳುಗಳಲ್ಲಿ ನಮ್ಮ ಛಾವಣಿಯ ಉತ್ಪತ್ತಿಯೂ ಕಡಿಮೆಯೇ.

ಈಗ ಒಂದು ಸರಳ ಲೆಕ್ಕ. ಕೊಳ್ಳುವ ದರ 30 ಸೆಂಟ್, ಮಾರುವ ದರ 12 ಸೆಂಟ್ ಎಂದಿಟ್ಟುಕೊಳ್ಳೋಣ. ದಿನಕ್ಕೆ 10 ಯೂನಿಟ್ ಉತ್ಪಾದನೆಯಾಗಿ, ಮನೆಯವರೆಲ್ಲ ಹೊರಗಿದ್ದು ಎಲ್ಲವನ್ನೂ ಮಾರಿದರೆ ದೊರೆಯುವುದು 1 ಡಾಲರ್ 20 ಸೆಂಟ್. ಅದರಲ್ಲಿ 7 ಯೂನಿಟ್ಟುಗಳನ್ನು ನಾವೇ ಬಳಸಿ 3ನ್ನು ಮಾರಿದರೆ ಲಾಭ 2 ಡಾಲರ್ 46 ಸೆಂಟ್. ಫಲಕ ಅದೇ, ಬಿಸಿಲು ಅದೇ. ಫಲ ಇಮ್ಮಡಿಗೂ ಹೆಚ್ಚು. ಬಳಸಿದ ಯೂನಿಟ್ ಆ ಕ್ಷಣದಲ್ಲೇ ಉಳಿತಾಯ. ಹಗಲು ಕೊಟ್ಟ ಯೂನಿಟ್ಟನ್ನು ರಾತ್ರಿಯ ಯೂನಿಟ್ಟಿಗೆ ಸರಿಗಟ್ಟುವ ಪದ್ಧತಿ ಇಲ್ಲಿನ ಸಾಮಾನ್ಯ ಬಿಲ್ಲಿನಲ್ಲಿಲ್ಲ.

ಆದುದರಿಂದ ಬಿಸಿನೀರಿನ ಸಿಲಿಂಡರನ್ನು ಟೈಮರಿನ ಮೂಲಕ ನಡುಹಗಲಿನಲ್ಲಿ ಕಾಯಿಸಿ. ಬಟ್ಟೆ ಒಗೆಯುವ ಯಂತ್ರವನ್ನು ಹಗಲೇ ನಡೆಸಿ. ಚಳಿಗಾಲದ ಬಿಸಿಲಿರುವ ಮಧ್ಯಾಹ್ನ ಹೀಟ್ ಪಂಪನ್ನು ಹಾಕಿ ಮನೆಯನ್ನು ಮೊದಲೇ ಬೆಚ್ಚಗಾಗಿಸಿ. ಊರಿನಿಂದ ಬಂದ ತಂದೆತಾಯಿಯರಿಗೆ ಇದು ಔಷಧಕ್ಕಿಂತ ಮಿಗಿಲು. ಕೆಲವು ಸೆಂಟಿಗೆ ವಿದ್ಯುತ್ ಮಾರಿ, ಸಂಜೆ ಬಿಲ್ಲಿಗಂಜಿ ಚಳಿಯಲ್ಲಿ ಕುಳಿತುಕೊಳ್ಳುವುದು ಜಾಣತನವಲ್ಲ. ಔಷಧದ ಪ್ರಮಾಣವನ್ನು ರೋಗಿಯ ತೂಕ ನೋಡಿ ನಿರ್ಧರಿಸುವಂತೆ, ಫಲಕಗಳ ಸಂಖ್ಯೆಯನ್ನು ಮನೆಯ ಹಗಲು ಬಳಕೆ ನೋಡಿ ನಿರ್ಧರಿಸಿ. ಬೆಂಗಳೂರಿನಲ್ಲಿ ಫಲಕಗಳು ದಕ್ಷಿಣಕ್ಕೆ ಮುಖಮಾಡಿದರೆ ಇಲ್ಲಿ ಉತ್ತರಕ್ಕೆ ಎಂಬುದೂ ನೆನಪಿರಲಿ. ಬ್ಯಾಟರಿಯಿಲ್ಲದ ಸಾಮಾನ್ಯ ಘಟಕವು ಜಾಲದಲ್ಲಿ ವಿದ್ಯುತ್ ಹೋದಾಗ ಸುರಕ್ಷತೆಗಾಗಿ ತಾನೂ ನಿಲ್ಲುತ್ತದೆ.

ಸರ್ಕಾರ ಹೆಚ್ಚು ದರವನ್ನು ವಿಧಿಸಬಾರದೇಕೆ ಎಂದು ಕೇಳಬಹುದು. ಜರ್ಮನಿಯಲ್ಲಿ ಆ ಭಾರವನ್ನು 2022ರವರೆಗೆ ಎಲ್ಲ ಗ್ರಾಹಕರ ಬಿಲ್ಲಿನಿಂದ ಭರಿಸಲಾಯಿತು; ಸ್ವಂತ ಛಾವಣಿಯಿಲ್ಲದ ಬಾಡಿಗೆದಾರರೂ ತೆರಬೇಕಾಯಿತು. ನಮ್ಮಲ್ಲಿ ಹೊಸದಾಗಿ ಬಂದ ಕುಟುಂಬಗಳು ಬಹುಪಾಲು ಬಾಡಿಗೆ ಮನೆಗಳಲ್ಲಿರುವುದನ್ನು ಮರೆಯುವಂತಿಲ್ಲ. ಆದರೆ ಜಾಲಕ್ಕೆ ಕಷ್ಟವಿರುವ ಹೊತ್ತಿನಲ್ಲಿ ಬ್ಯಾಟರಿಯಿಂದ ವಿದ್ಯುತ್ ಕೊಡುವವರಿಗೆ ಹೆಚ್ಚು ಬೆಲೆ ಸಲ್ಲುವುದು ನ್ಯಾಯ. ಇಲ್ಲಿನ ವಿದ್ಯುತ್ ಪ್ರಾಧಿಕಾರವು 2025ರಲ್ಲಿ ಕೈಗೊಂಡ ನಿರ್ಧಾರಗಳು ಈ ದಿಕ್ಕಿನಲ್ಲೇ ಇವೆ.

ಸೌರಫಲಕ ಬೇಡವೆಂದು ನಾನು ಹೇಳುತ್ತಿಲ್ಲ. ಮಾರುವ ಆಸೆಯಿಂದಲ್ಲ, ಬಳಸುವ ಸಂಕಲ್ಪದಿಂದ ಹಾಕಿಸಿಕೊಳ್ಳಿ. ಸಹಿ ಮಾಡುವ ಮೊದಲು ಒಂದು ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಹಗಲಿನ ಬಳಕೆಯೆಷ್ಟೆಂದು ನೋಡಿ; ಮರುಖರೀದಿ ದರ ಎಷ್ಟು ಕಾಲಕ್ಕೆ ನಿಗದಿಯೆಂದು ಬರಹದಲ್ಲಿ ಕೇಳಿ ಪಡೆಯಿರಿ.