ಗೊತ್ತಿರುವ ಕಥೆ, ಮತ್ತೊಂದು ಸಲ



ಕೊನೆ ಏನೆಂದು ಗೊತ್ತಿರುವ ಕಥೆಯನ್ನು ಜನ ಮತ್ತೆ ಯಾಕೆ ನೋಡುತ್ತಾರೆ? ಹಳೆಯ ವೈಜ್ಞಾನಿಕ ಧಾರಾವಾಹಿಯೊಂದನ್ನು ಹುಡುಕಿ, ಮೊದಲ ಕಂತಿನಿಂದ ಹಿಡಿದು ದಿನಕ್ಕೊಂದರಂತೆ ನೋಡುವವರು ಈಗ ಎಲ್ಲೆಲ್ಲೂ ಇದ್ದಾರೆ. ಇದು ಮೊಬೈಲ್ ಕಾಲದ ಚಟ ಎನ್ನುವವರು ಹನೂರು ತಾಲ್ಲೂಕಿನ ರಾಮಾಪುರದ ಕಡೆ ಬಂದು ವಿಚಾರಿಸಬೇಕು. ಸಂಕಮ್ಮನ ಕಥೆ ಕೇಳಿಲ್ಲದ ಮನೆ ಆ ಸೀಮೆಯಲ್ಲಿ ಸಿಗುವುದು ಕಷ್ಟ. ಆದರೂ ಕಂಸಾಳೆ ಹಿಡಿದ ದೇವರಗುಡ್ಡರು ಸಂಕಮ್ಮನ ಸಾಲು ಎತ್ತಿಕೊಂಡರೆ ಜನ ರಾತ್ರಿಯೆಲ್ಲ ಕೂತು ಕೇಳುತ್ತಾರೆ.

ಮಲೆ ಮಾದೇಶ್ವರನ ಕಾವ್ಯ ಸಾಗುವುದೇ ಸಾಲುಗಳಲ್ಲಿ. ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು. ಒಂದೊಂದು ಸಾಲೂ ಒಂದೊಂದು ಪೂರ್ತಿ ಕಥೆ. ಎಲ್ಲವೂ ಸೇರಿದರೆ ಮಾದಪ್ಪನ ಚರಿತ್ರೆ. ಕಾಡಿಗೆ ಹೊರಟ ನೀಲೇಗೌಡ ಹೆಂಡತಿ ಸಂಕಮ್ಮನಿಂದ ಭಾಷೆ ಕೇಳುವ ಘಟ್ಟ ಬಂದಾಗ, ಮುಂದೇನಾಗುತ್ತದೆ ಎಂದು ಯಾರೂ ಕಾಯುವುದಿಲ್ಲ. ಈ ಸಲದ ಹಾಡುಗಾರ ಅದನ್ನು ಹೇಗೆ ನಡೆಸುತ್ತಾನೆ, ಸಂಕಮ್ಮನ ಸಂಕಟವನ್ನು ಎಷ್ಟು ಹೊತ್ತು ಹಿಡಿದು ನಿಲ್ಲಿಸುತ್ತಾನೆ ಎಂದು ಕಾಯುತ್ತಾರೆ.

ಟೆಲಿವಿಷನ್ನಿನವರಿಗೆ ಈ ಗುಟ್ಟು ತಡವಾಗಿ ತಿಳಿಯಿತು. ಬ್ರಿಟನ್ನಿನ ಬಿಬಿಸಿ 1963ರ ನವೆಂಬರ್ 23ರಂದು 'ಡಾಕ್ಟರ್ ಹೂ' ಎಂಬ ವೈಜ್ಞಾನಿಕ ಧಾರಾವಾಹಿಯನ್ನು ಆರಂಭಿಸಿತು. ಆಗ ವಿಡಿಯೋ ಟೇಪು ದುಬಾರಿ. ತೋರಿಸಿದ್ದನ್ನೇ ಮತ್ತೆ ಯಾರು ನೋಡುತ್ತಾರೆ ಎಂಬ ಎಣಿಕೆಯಲ್ಲಿ, ಹಳೆಯ ಕಂತುಗಳನ್ನು ಅಳಿಸಿ ಅದೇ ಟೇಪಿನ ಮೇಲೆ ಬೇರೆ ಕಾರ್ಯಕ್ರಮ ತುಂಬಿದರು. ಹಾಗೆ ಕಳೆದುಹೋದವುಗಳಲ್ಲಿ ಕೆಲವು ಆಮೇಲೆ ಅಲ್ಲಲ್ಲಿ ಸಿಕ್ಕವು. ನೂರರ ಹತ್ತಿರ ಕಂತುಗಳ ಚಿತ್ರ ಹೋಗಿಯೇ ಬಿಟ್ಟಿತು. ವಿಶೇಷವೆಂದರೆ ಅವುಗಳ ಧ್ವನಿ ಮಾತ್ರ ಒಂದೂ ಬಿಡದೆ ಉಳಿದಿದೆ. ಅದನ್ನು ಉಳಿಸಿದ್ದು ಬಿಬಿಸಿಯಲ್ಲ, ಪ್ರಸಾರದ ಹೊತ್ತಿಗೆ ಮನೆಯಲ್ಲಿ ಟೇಪ್ ರೆಕಾರ್ಡರ್ ಹಚ್ಚಿಟ್ಟುಕೊಂಡಿದ್ದ ಸಾಮಾನ್ಯ ವೀಕ್ಷಕರು.

ಅಮೆರಿಕದಲ್ಲಿ 'ಸ್ಟಾರ್ ಟ್ರೆಕ್' ಶುರುವಾದದ್ದು 1966ರ ಸೆಪ್ಟೆಂಬರ್ 8ರಂದು. ನೋಡುಗರು ಕಡಿಮೆ ಎಂದು ಎನ್‌ಬಿಸಿ ವಾಹಿನಿ ಅದನ್ನು 79 ಕಂತಿಗೆ, 1969ರಲ್ಲಿ ನಿಲ್ಲಿಸಿತು. ಆಮೇಲೆ ಊರೂರಿನ ಸಣ್ಣ ಟೀವಿ ಕೇಂದ್ರಗಳು ಆ ಕಂತುಗಳನ್ನು ಕೊಂಡು ಮತ್ತೆ ಮತ್ತೆ ಹಾಕತೊಡಗಿದವು. ಮೊದಲ ಸಲ ಸೋತ ಧಾರಾವಾಹಿ ಮರುಪ್ರಸಾರದಲ್ಲಿ ಗೆದ್ದಿತು. 1972ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಅಭಿಮಾನಿಗಳ ಸಮಾವೇಶ ಕರೆದಾಗ ಐನೂರು ಜನರನ್ನು ನಿರೀಕ್ಷಿಸಿದ್ದರು. ಬಂದವರು ಮೂರು ಸಾವಿರಕ್ಕೂ ಹೆಚ್ಚು. 1976ರಲ್ಲಿ ನಾಸಾ ತನ್ನ ಮೊದಲ ಬಾಹ್ಯಾಕಾಶ ಷಟಲ್‌ಗೆ 'ಎಂಟರ್‌ಪ್ರೈಸ್' ಎಂದು ಹೆಸರಿಟ್ಟದ್ದು ಕೂಡ ಈ ಅಭಿಮಾನಿಗಳು ಬರೆದ ಪತ್ರಗಳ ಒತ್ತಡದಿಂದ. ಕಥೆಯೊಳಗಿನ ನೌಕೆಯ ಹೆಸರು ಅದು.

ನಮ್ಮಲ್ಲಿ ದೂರದರ್ಶನ 1980ರ ದಶಕದಲ್ಲಿ ಭಾನುವಾರದ ಬೆಳಗ್ಗೆ ಸ್ಟಾರ್ ಟ್ರೆಕ್ ತೋರಿಸಿತು. ಇದ್ದದ್ದೊಂದೇ ವಾಹಿನಿ, ಕಂತು ತಪ್ಪಿದರೆ ತಪ್ಪಿತು. 1998ರಲ್ಲಿ ಕೇತನ್ ಮೆಹ್ತಾ ನಿರ್ದೇಶನದ 'ಕ್ಯಾಪ್ಟನ್ ವ್ಯೋಮ್' ಬಂತು, ಅದರಲ್ಲಿ ಅಂತರಿಕ್ಷಯಾನಿ ನಮ್ಮವನೇ. ಮುಂದೆ 2020ರ ಲಾಕ್‌ಡೌನಿನಲ್ಲಿ ದೂರದರ್ಶನ 'ರಾಮಾಯಣ'ವನ್ನೂ 'ಶಕ್ತಿಮಾನ್' ಅನ್ನೂ ಮತ್ತೆ ಹಾಕಿದಾಗ, ಮಕ್ಕಳಾಗಿ ನೋಡಿದ್ದವರು ತಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದರು.

ಎರಡನೆಯ ಸಲ ನೋಡಿದರೆ ಹೊಸದೇನು ಸಿಗುತ್ತದೆ? ಸ್ಟಾರ್ ಟ್ರೆಕ್‌ನ ಒಂದು ಕಂತನ್ನೇ ತೆಗೆದುಕೊಳ್ಳೋಣ. 1967ರ ಫೆಬ್ರವರಿಯಲ್ಲಿ ಪ್ರಸಾರವಾದ 'ಸ್ಪೇಸ್ ಸೀಡ್'. ಅಂತರಿಕ್ಷದಲ್ಲಿ ಅಲೆಯುತ್ತಿದ್ದ ಹಳೆಯ ನೌಕೆಯೊಂದರಲ್ಲಿ ಇನ್ನೂರು ವರ್ಷದಿಂದ ನಿದ್ದೆಯಲ್ಲಿರುವ ಒಬ್ಬ ಸಿಗುತ್ತಾನೆ. ಹೆಸರು ಖಾನ್ ನೂನಿಯನ್ ಸಿಂಗ್, ಉತ್ತರ ಭಾರತದವನು. ಆ ಪಾತ್ರ ಮಾಡಿದ್ದು ಮೆಕ್ಸಿಕೋದಲ್ಲಿ ಹುಟ್ಟಿದ ನಟ ರಿಕಾರ್ಡೋ ಮಾಂಟಲ್ಬಾನ್. ಈ ಖಾನ್ ತಳಿ ಆರಿಸಿ ಬೆಳೆಸಿದ ಅತಿಮಾನವ, 1992ರಿಂದ 1996ರವರೆಗೆ ಭೂಮಿಯ ಕಾಲುಭಾಗಕ್ಕೂ ಹೆಚ್ಚನ್ನು ಆಳಿದವನು ಎನ್ನುತ್ತದೆ ಕಥೆ. ಮುಂದೆ ಸಿನಿಮಾ ಮಾಡಲು ಹೊರಟ ನಿರ್ಮಾಪಕ ಹಾರ್ವ್ ಬೆನೆಟ್, ಹಳೆಯ ಕಂತುಗಳನ್ನೆಲ್ಲ ಹಾಕಿಸಿ ನೋಡಿ, ಇದೊಂದನ್ನು ಆರಿಸಿಕೊಂಡರು. 1982ರ 'ದಿ ರಾತ್ ಆಫ್ ಖಾನ್' ಹುಟ್ಟಿದ್ದು ಹಾಗೆ.

1992 ಬಂತು, ಅತಿಮಾನವರು ಬರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಕಾಡುಗಳ್ಳ ವೀರಪ್ಪನ್ ತಂಡ ಇದೇ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿತು. ಐವರು ಪೊಲೀಸರು ಸತ್ತರು. ಆನೆದಂತ, ಶ್ರೀಗಂಧ, ಬಂದೂಕು: ಈ ಊರಿಗೆ ಬಂದ 1992 ಯಾವ ಕಥೆಗಾರನ ಲೆಕ್ಕದಲ್ಲೂ ಇರಲಿಲ್ಲ. ಹಾಗಾದರೆ ಆ ಕಂತು ಸುಳ್ಳಾಯಿತೇ? ಹಾಗಲ್ಲ. ಅದನ್ನು ಬರೆದವರ ತಲೆಯಲ್ಲಿದ್ದದ್ದು ಎರಡನೆಯ ಮಹಾಯುದ್ಧ, ಶ್ರೇಷ್ಠ ತಳಿಯ ಹುಚ್ಚು, ಹಿಟ್ಲರ್. ಮೊದಲ ಸಲ ನೋಡುವಾಗ ವೈಜ್ಞಾನಿಕ ಕಥೆ ಮುಂದಿನ ಕಾಲದ್ದೆಂದು ಕಾಣುತ್ತದೆ. ಮತ್ತೆ ನೋಡಿದಾಗ, ಅದನ್ನು ಬರೆದ ಕಾಲದ ಭಯ ಮತ್ತು ಆಸೆ ಎದ್ದು ಕಾಣುತ್ತವೆ. ಶೀತಲ ಸಮರದ ನಡುವೆ ಎಂಟರ್‌ಪ್ರೈಸ್ ನೌಕೆಗೆ ರಷ್ಯದ ಚೆಕೋವ್ ಎಂಬ ಯುವಕನನ್ನು ಸೇರಿಸಿದ್ದು ಆಸೆಯ ಕಡೆಯ ಲೆಕ್ಕ.

ಒಂದೇ ರಾತ್ರಿ ಹತ್ತು ಕಂತು ನುಂಗುವವರಿಗೆ ಇದು ದಕ್ಕುವುದಿಲ್ಲ. ಒಂದು ಕಂತು ನೋಡಿ, ಮನೆಯವರ ಜೊತೆ ಮಾತಾಡಿ, ಮರುದಿನ ಇನ್ನೊಂದಕ್ಕೆ ಹೋಗಬೇಕು.

ಕೊನೆಯದಾಗಿ ಒಂದು ಕೋರಿಕೆ. ಕಳೆದುಹೋದ ಕಂತುಗಳ ಧ್ವನಿಯನ್ನು ಉಳಿಸಿಕೊಟ್ಟವರು ಮನೆಯಲ್ಲಿದ್ದ ಕೇಳುಗರು ಎಂದೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಮನೆಗಳ ಅಟ್ಟದಲ್ಲಿ ಕಂಸಾಳೆ ಹಾಡಿನ ಹಳೆಯ ಕ್ಯಾಸೆಟ್ಟುಗಳಿದ್ದರೆ, ಹಾಡಿದವರು ಹೆಸರಾದವರಲ್ಲದಿದ್ದರೂ, ದಯವಿಟ್ಟು ಎಸೆಯಬೇಡಿ. ಮೊಬೈಲಿಗೋ ಕಂಪ್ಯೂಟರಿಗೋ ಪ್ರತಿ ಮಾಡಿಸಿ ಇಟ್ಟುಕೊಳ್ಳಿ.