ಜಾಹೀರಾತಿನ ಕನ್ನಡ



ರಾಜ್ಯೋತ್ಸವದ ವೇದಿಕೆಯಿಂದ ಪಂಪ, ಬಸವಣ್ಣ, ಕುಮಾರವ್ಯಾಸರ ಹೆಸರು ಕೇಳಿಬರುವುದು ವಾಡಿಕೆ. ನಾವಿಂದು ಸಾಬೂನು, ತುಪ್ಪ, ವಿಮೆಗಳ ಮಾತನ್ನು ಎತ್ತಿಕೊಂಡಿದ್ದೇವೆ. ದಯವಿಟ್ಟು ಹುಬ್ಬೇರಿಸಬೇಡಿ. ಊರಿನಲ್ಲಿರುವ ನಮ್ಮ ತಾಯಂದಿರು ದಿನ ಬೆಳಗಾದರೆ ನೋಡುವ, ಓದುವ ಕನ್ನಡದಲ್ಲಿ ಜಾಹೀರಾತಿನ ಪಾಲು ಸಣ್ಣದಲ್ಲ. ಅಂಥ ಎಷ್ಟೋ ಜಾಹೀರಾತುಗಳು ಈ ಮುಂಬಯಿಯ ಕಛೇರಿಗಳಲ್ಲಿಯೇ ಇಂಗ್ಲಿಷಿನಿಂದಲೋ ಹಿಂದಿಯಿಂದಲೋ ಕನ್ನಡಕ್ಕೆ ಇಳಿಯುತ್ತವೆ. ಇಳಿಸುವ ಕೈ ಹಲವೊಮ್ಮೆ ನಮ್ಮ ಮನೆಗಳ ಮಕ್ಕಳದೇ. ಆದುದರಿಂದ ಇದು ನಮ್ಮ ಮನೆಯದೇ ವಿಚಾರ.

ಹಿಂದಿಯಲ್ಲಿಯೂ ಕನ್ನಡದಲ್ಲಿಯೂ ಬಳಕೆಯಲ್ಲಿರುವ ಸಂಸ್ಕೃತ ಪದಗಳು ಅವಳಿ ಮಕ್ಕಳಂತೆ. ಮುಖ ಒಂದೇ, ಸ್ವಭಾವ ಬೇರೆ. ಹಿಂದಿಯವರ ‘ಅವಸರ’ ಸದವಕಾಶ. ನಮ್ಮ ಅವಸರ ಗಡಿಬಿಡಿ. ಅವರ ‘ಅನುಮಾನ’ ಅಂದಾಜು, ನಮ್ಮದು ಸಂಶಯ. ಅವರ ‘ಶಿಕ್ಷಾ’ ವಿದ್ಯಾಭ್ಯಾಸ. ನಮ್ಮ ಶಿಕ್ಷೆ ಬೆತ್ತದೇಟು. ಮಕ್ಕಳ ಓದಿಗೆ ಹಣ ಕೂಡಿಡಿರೆನ್ನುವ ವಿಮೆಯ ಮಾತನ್ನು ಪದಕ್ಕೆ ಪದವಿಟ್ಟು ಇಳಿಸಿದರೆ, ‘ಮಗುವಿನ ಶಿಕ್ಷೆಗೆ ಇಂದೇ ಹಣ ಕೂಡಿಡಿ, ಇಂಥ ಅವಸರ ಮತ್ತೆ ಬಾರದು’ ಎಂದಾದೀತು! ಓದಿದ ಅಜ್ಜಿ ನಕ್ಕಾಳು, ಹಣವನ್ನಂತೂ ಕಟ್ಟಲಾರಳು.

ಪದ ಸರಿಯಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಅಡಿಗೆ ಒಂದಾಗಲಿಲ್ಲ, ಆಗಬೇಕಾದುದೂ ಇಲ್ಲ. ಧಾರವಾಡ ಕಲಬುರಗಿಗಳಲ್ಲಿ ಜೋಳದ ರೊಟ್ಟಿ, ಮಂಡ್ಯದಲ್ಲಿ ರಾಗಿಮುದ್ದೆ, ಮಂಗಳೂರಿನಲ್ಲಿ ಕುಚ್ಚಲಕ್ಕಿ ಅನ್ನ. ಬಿಸಿ ಪರೋಟದ ಮೇಲೆ ತುಪ್ಪ ಕರಗುವ ದಿಲ್ಲಿಯ ವರ್ಣನೆ ಮಂಡ್ಯದವರ ಬಾಯಲ್ಲಿ ನೀರೂರಿಸುವುದು ಕಷ್ಟ. ಅದೇ ತುಪ್ಪ ಬಿಸಿ ಮುದ್ದೆಯ ಮೇಲೆ ಇಳಿಯಲಿ, ಮನೆಮಂದಿ ಕಿವಿಗೊಡುತ್ತಾರೆ. ಮಾತಿನ ಮರ್ಯಾದೆಯೂ ಹಾಗೆಯೇ. ಇಂಗ್ಲಿಷಿನಲ್ಲಿ ಅತ್ತೆ ಸೊಸೆಯರಿಬ್ಬರಿಗೂ ಒಂದೇ ‘ಯೂ’ ಸಾಕು. ನಮ್ಮಲ್ಲಿ ಸೊಸೆ ‘ಅತ್ತೆ, ನೀವು’ ಎಂದರೇ ಚೆನ್ನ. ಅತ್ತೆ ‘ನೀನು’ ಎಂದರೆ ಅದರಲ್ಲಿ ಸಲಿಗೆ. ಇದನ್ನು ತಿಳಿಯದೆ ಬರೆದ ಜಾಹೀರಾತಿನಲ್ಲಿ ಸಾಬೂನು ಎಷ್ಟು ಬೆಳ್ಳಗಿದ್ದರೂ ಮಾತು ಮಾಸಲಾಗಿಯೇ ಇರುತ್ತದೆ.

ಇಷ್ಟರವರೆಗೆ ನಗುವ ಮಾತಾಯಿತು. ಇನ್ನು ನಗಲಾಗದ ಮಾತು.

ಓದುಗರಿಗೆ ಒಗ್ಗುವಂತೆ ಮಾತನ್ನು ತಿದ್ದಬಹುದು; ಸತ್ಯವನ್ನು ತಿದ್ದಲಾಗದು. ಮೂಲದಲ್ಲಿ ‘ಮಧುಮೇಹಿಗಳೂ ಬಳಸಬಹುದು’ ಎಂದಷ್ಟೇ ಇರುವುದನ್ನು ಪ್ರಾಸದ ಆಸೆಗೆ ‘ಮಧುಮೇಹ ಮಾಯ’ ಎಂದು ಬರೆದರೆ ಏನಾದೀತು? ಊರಿನಲ್ಲಿರುವ ತಂದೆ ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ಪುಡಿಯನ್ನು ನಂಬಿಯಾರು. ಅಚ್ಚಾದ ಅಕ್ಷರದ ಮೇಲೆ ಅವರಿಗೆ ಅಷ್ಟು ಭರವಸೆ. ಮಧುಮೇಹ, ಕ್ಯಾನ್ಸರ್, ಕಿವುಡು ಮೊದಲಾದುವನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ.

ಇನ್ನೊಂದು ಚಾಳಿ ಉಂಟು. ಆಶ್ವಾಸನೆ ದಪ್ಪಕ್ಷರದ ಕನ್ನಡದಲ್ಲಿ. ಷರತ್ತು ಸಾಸಿವೆಯಷ್ಟು ಅಕ್ಷರದ ಇಂಗ್ಲಿಷಿನಲ್ಲಿ. ಆಸೆ ತೋರಿಸುವಾಗ ಬೇಕಾದ ಕನ್ನಡ ಎಚ್ಚರ ಹೇಳುವಾಗ ಬೇಡವಾಯಿತೇ? ಆಶ್ವಾಸನೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಿಧಿಸಿದೆ. ಈ ನಿಯಮ ನಮ್ಮ ನುಡಿಗೂ ಒಂದು ಕಾವಲು.

ಈ ಕೆಲಸದಲ್ಲಿರುವ ನಮ್ಮ ತರುಣ ತರುಣಿಯರಲ್ಲಿ ಒಂದು ಬಿನ್ನಹ. ಬರೆದುದನ್ನು ಮನೆಯ ಹಿರಿಯರ ಮುಂದೆ ಗಟ್ಟಿಯಾಗಿ ಓದಿ. ‘ಚೆನ್ನಾಗಿದೆಯೇ?’ ಎಂದು ಕೇಳಬೇಡಿ, ಮೆಚ್ಚಿಕೊಂಡು ಸುಮ್ಮನಾಗುತ್ತಾರೆ. ‘ಏನು ತಿಳಿಯಿತು?’ ಎಂದು ಕೇಳಿ. ಅವರು ಹೇಳಿದುದೂ ಮೂಲದಲ್ಲಿದ್ದುದೂ ಒಂದೇ ಆದರೆ ಅಚ್ಚಿಗೆ ಕಳುಹಿಸಿ. ಷರತ್ತನ್ನು ಬಿಡಬೇಕೆಂದು ಕಛೇರಿಯಲ್ಲಿ ಒತ್ತಾಯ ಬಂದರೆ ಆ ನಿಯಮವನ್ನು ತೋರಿಸಿ. ಮುಂಬಯಿಯ ಮೇಜಿನ ಮೇಲೆ ನಾವು ಬರೆದ ಒಂದು ಸಾಲನ್ನು ನಂಬಿ ಬೀದರಿನ ರೈತನೋ ಪುತ್ತೂರಿನ ತಾಯಿಯೋ ಗಂಟು ಬಿಚ್ಚಿ ಹಣ ಎಣಿಸುತ್ತಾರೆ. ಅವರು ನಮ್ಮವರು. ಅವರಿಗೆ ನಮ್ಮ ಕನ್ನಡದಿಂದ ನಷ್ಟವಾಗದಿರಲಿ.